ಅಮ್ಮನ ಗುಂಡಿ ಡಬ್ಬಿ

ಜನವರಿ 18

ಅಕ್ಕಾ,

ಬೆಳಗಿನ ಐದೂವರೆ. ನನ್ನನ್ನು ಎಬ್ಬಿಸಿದ್ದು ಮಗು ಅಲ್ಲ, ನಿನ್ನ ಯಂತ್ರ. ಅಮ್ಮ ಬೆರಳು ಚುಚ್ಚಿಕೊಂಡು ರಕ್ತದ ಹನಿ ಮುಟ್ಟಿಸಿದ ಕೂಡಲೇ ‘ಟೀಂ’ ಅನ್ನುತ್ತದಲ್ಲ, ಆ ಸದ್ದು. ರಾತ್ರಿ ನಾಲ್ಕು ಸಲ ಎದ್ದು ಹಾಲು ಕೊಟ್ಟು ಆಗತಾನೆ ಕಣ್ಣು ಹತ್ತಿತ್ತು. ಅಡುಗೆಮನೆಗೆ ಹೋಗಿ ನೋಡಿದರೆ ಅಮ್ಮ ಸ್ಟೂಲಿನ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ನೀನು ಗೆರೆ ಎಳೆದು ಕೊಟ್ಟ ಪುಸ್ತಕದಲ್ಲಿ ನೂರ ಹದಿನಾಲ್ಕು ಅಂತ ಬರೆಯುತ್ತಿದ್ದಳು.

“ಇಷ್ಟು ಬೇಗ ಯಾಕಮ್ಮ?” ಅಂದೆ.

“ದೊಡ್ಡವಳು ಐದೂವರೆಗೇ ನೋಡು ಅಂದಿದಾಳೆ.”

ದೊಡ್ಡವಳು ಅಂದಿದಾಳೆ! ಮೂರು ವಾರದಿಂದ ಈ ಮನೆಯಲ್ಲಿ ಎಲ್ಲವನ್ನೂ ಅನ್ನುತ್ತಿರುವವಳು ನೀನೇ. ದೊಡ್ಡವಳು ಅನ್ನ ಇಷ್ಟೇ ಅಂದಿದಾಳೆ. ದೊಡ್ಡವಳು ಬರಿಗಾಲಲ್ಲಿ ಓಡಾಡಬೇಡ ಅಂದಿದಾಳೆ. ನಾನು ಪ್ರೀತಿಯಿಂದ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಟ್ಟರೆ ಚಮಚದಲ್ಲಿ ಕೆರೆದು ತಟ್ಟೆಯ ಅಂಚಿಗೆ ಒರೆಸಿಟ್ಟಳು, ಕೆಟ್ಟದ್ದೇನೋ ಮೈಗೆ ಮೆತ್ತಿಕೊಂಡವರ ಹಾಗೆ. ಅವಳು ಬಂದದ್ದು ನನ್ನನ್ನೂ ಮಗುವನ್ನೂ ನೋಡಿಕೊಳ್ಳಲು. ಜೊತೆಗೆ ನೀನೂ ಬಂದು ಕೂತಿದ್ದೀಯ, ಏಳು ಖಾನೆಯ ಮಾತ್ರೆ ಪೆಟ್ಟಿಗೆಯಲ್ಲಿ.

ತಪ್ಪು ತಿಳಿಯಬೇಡ. ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ, ಕಾಗದ ಬರೆಯೋಣ ಅಂದವಳು ನೀನೇ. ಅಪ್ಪ ಹೋದ ಮೇಲೆ ನಮ್ಮಿಬ್ಬರ ನಡುವೆ ನಿಂತದ್ದು ಅದೊಂದೇ ಒಪ್ಪಂದ. ಅದಕ್ಕೇ ಬರೆಯುತ್ತಿದ್ದೇನೆ. ನಿದ್ದೆಗೆಟ್ಟವಳ ಮಾತು ಅಂತ ಓದಿಕೋ.

ಮರಿ ಚೆನ್ನಾಗಿದ್ದಾನೆ. ಎರಡು ತಿಂಗಳಿಗೇ ಅಮ್ಮನ ದನಿ ಕೇಳಿದರೆ ತಿರುಗುತ್ತಾನೆ. ನನ್ನ ದನಿಗೆ ಇನ್ನೂ ಇಲ್ಲ.

ನಿನ್ನ ತಂಗಿ


ಜನವರಿ 25

ಪುಟ್ಟಿ,

ಯಂತ್ರದ ಸದ್ದು ನಿಲ್ಲಿಸಬಹುದು. ಎಡಬದಿಯ ಗುಂಡಿಯನ್ನು ಮೂರು ಸಲ ಒತ್ತು. ಐದೂವರೆ ಅಂತ ನಾನು ಹೇಳಿದ್ದು ಇಲ್ಲಿ ನನ್ನ ಬೆಳಗಿನ ಪಾಳಿ ಇದ್ದಾಗ ಹೊಂದಲಿ ಅಂತ. ಅಲ್ಲಿ ಏಳಕ್ಕೆ ನೋಡಿದರೂ ಆಯಿತು. ಅಮ್ಮನಿಗೆ ಹೇಳು.

ಇದನ್ನು ಲ್ಯಾಬಿನಲ್ಲಿ ಕೂತು ಬರೆಯುತ್ತಿದ್ದೇನೆ. ಇಂದು ನೂರ ಎಂಬತ್ತು ಸ್ಯಾಂಪಲ್ ಬಂದಿವೆ, ಎಲ್ಲ ಊರಿನ ಎಲ್ಲರ ರಕ್ತವೂ ಒಂದೇ ಬಣ್ಣ. ಯಂತ್ರ ತಿರುಗುವಾಗ ಹತ್ತು ನಿಮಿಷ ಬಿಡುವು. ಫೋನನ್ನು ಲಾಕರಿನಲ್ಲಿ ಇಟ್ಟೇ ಒಳಗೆ ಬರಬೇಕು, ಆದರೆ ಇಲ್ಲಿನ ಕಂಪ್ಯೂಟರಿನಲ್ಲಿ ಮೇಲ್ ತೆರೆಯಬಹುದು. ವಿಳಾಸ ಮೇಲೆ ಬರೆದಿದ್ದೇನೆ. ಮರಿಯ ಫೋಟೋ ಕಳಿಸು.

ಫೆಬ್ರವರಿ ಮೊದಲ ವಾರ ಅಮ್ಮನ ರಕ್ತ ಪರೀಕ್ಷೆ ಮಾಡಿಸು. ಸಕ್ಕರೆಯ ಮೂರು ತಿಂಗಳ ಸರಾಸರಿ ಮತ್ತು ಕೊಲೆಸ್ಟ್ರಾಲ್. ಉಳಿದದ್ದು ಎರಡನೇ ಪುಟದಲ್ಲಿದೆ, ಓದಿ ಫ್ರಿಜ್ಜಿನ ಮೇಲೆ ಅಂಟಿಸು.

(ಎರಡನೇ ಪುಟ)

ರಾತ್ರಿ ಊಟದ ಮೇಲಿನ ಬಿಳಿ ಮಾತ್ರೆ ಸಕ್ಕರೆಯದಲ್ಲ, ಕೊಲೆಸ್ಟ್ರಾಲಿನದು. ವರದಿ ಚೆನ್ನಾಗಿ ಬಂದರೂ ಬಿಡಿಸಬೇಡ. ಚೆನ್ನಾಗಿ ಬರುವುದೇ ಆ ಮಾತ್ರೆಯಿಂದ. ಹದಿನಾಲ್ಕು ವರ್ಷದ ಸಕ್ಕರೆ ಅಮ್ಮನದು, ರಕ್ತನಾಳದ ಒಳಗೋಡೆ ಆಗಲೇ ಒರಟಾಗಿರುತ್ತದೆ, ಕೊಬ್ಬು ಅಲ್ಲಿ ಬೇಗ ಹಿಡಿದು ಕೂರುತ್ತದೆ. ಸಕ್ಕರೆಯೊಂದೇ ಹಿಡಿತದಲ್ಲಿದ್ದರೆ ಸಾಲದು.

ಕಾಲು ಸೆಳೆತ ಅಂದರೆ ನನಗೆ ತಿಳಿಸು. ಡಾಕ್ಟರನ್ನು ಕೇಳಿ ಬೇರೆ ಮಾತ್ರೆಗೆ ಬದಲಾಯಿಸೋಣ. ನೀವೇ ನಿಲ್ಲಿಸಬೇಡಿ.

ಸಕ್ಕರೆ ಇರುವವರಿಗೆ ಹೃದಯದ ನೋವು ಎದೆಯಲ್ಲೇ ಬರಬೇಕೆಂದಿಲ್ಲ. ದವಡೆ, ಭುಜ, ಬೆನ್ನು. ಕೆಲವರಿಗೆ ಬರೀ ಏದುಸಿರು, ಬೆವರು. ಹತ್ತುವಾಗ ಬಂದು ಕೂತಾಗ ಹೋಗುವ ನೋವಾದರೆ ಮತ್ತೆ ಹತ್ತಿಸಬೇಡ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಇನ್ನೊಂದು. ಮೊನ್ನೆ ಅಮ್ಮ ಫೋನಿನಲ್ಲಿ ಮಾತಾಡುವಾಗ ನೀನು ಏನೋ ಅಂದೆ, ಅವಳು ಬಿದ್ದು ಬಿದ್ದು ನಕ್ಕಳು. ಆರು ವರ್ಷದಿಂದ ನನ್ನ ಜೊತೆ ಇದ್ದಾಳೆ, ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ನನ್ನನ್ನು ಕಂಡರೆ ಬೆರಳು ಚಾಚುತ್ತಾಳೆ, ಚುಚ್ಚಿಸಿಕೊಳ್ಳಲು. ಅವತ್ತು ನಿನ್ನ ಮೇಲೆ ಹೊಟ್ಟೆಕಿಚ್ಚಾಯಿತು ಪುಟ್ಟಿ. ಮೊದಲ ಪುಟದಲ್ಲಿ ಬರೆಯಲು ನಾಚಿಕೆಯಾಗಿ ಇಲ್ಲಿ ಬರೆದಿದ್ದೇನೆ.

ಅಕ್ಕ


ಫೆಬ್ರವರಿ 16

ಅಕ್ಕಾ,

ವರದಿ ಬಂತು. ಸಕ್ಕರೆಯ ಸರಾಸರಿ ಆರು ಪಾಯಿಂಟ್ ಎಂಟು. ಕೆಟ್ಟ ಕೊಬ್ಬು ಅರವತ್ತೆಂಟು. ಇಲ್ಲಿನ ಡಾಕ್ಟರು ಕಾಗದ ನೋಡಿ ಹುಬ್ಬೇರಿಸಿ, “ಯಾರಮ್ಮ ನಿಮ್ಮನ್ನ ನೋಡ್ಕೊಳ್ತಿರೋದು?” ಅಂದರು. ಅಮ್ಮ ನನ್ನ ಕಡೆ ಕೈ ತೋರಿಸಿದಳು. ನಿನ್ನ ಹೆಸರು ಹೇಳಲಿಲ್ಲ, ನನ್ನ ಕಡೆ ಕೈ ತೋರಿಸಿದಳು. ಇದನ್ನು ನಿನಗೆ ಬರೆಯಲೇಬೇಕು ಅಂತ ಮನೆಗೆ ಬರುವ ದಾರಿಯಲ್ಲೇ ಅಂದುಕೊಂಡೆ.

ಕಾಲು ಸೆಳೆತ ಅಂತ ರಾತ್ರಿ ಒದ್ದಾಡುತ್ತಿದ್ದಳಲ್ಲ, ಅದೂ ಈಗ ಮಾಯ. ಮೊನ್ನೆ ಮರಿಯನ್ನು ಹೆಗಲಿಗೆ ಹಾಕಿಕೊಂಡು ಬೀದಿಯ ಕೊನೆಯ ಲಾಂಡ್ರಿಯವರೆಗೆ ಹೋಗಿ ಬಂದಳು. ಹೇಗೆ ಅಂತ ಕೇಳಬೇಡ. ಅಮ್ಮನಿಗೂ ನನಗೂ ಒಂದು ಗುಟ್ಟಿದೆ. ರಾತ್ರಿ ಊಟವಾದ ಮೇಲೆ ಅವಳ ಗುಂಡಿ ಡಬ್ಬಿ ಮುಂದೆ ಇಟ್ಟುಕೊಂಡು ಇಬ್ಬರೂ ಕಳ್ಳರ ಹಾಗೆ ನಗುತ್ತೇವೆ. ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಿದ್ದ ಕಾಲದ ಅದೇ ತಗಡಿನ ಡಬ್ಬಿ. ನಾನು ಹುಟ್ಟಿದಾಗಿನಿಂದ ಅಮ್ಮನ ಗುಟ್ಟೆಲ್ಲ ನಿನ್ನ ಪಾಲಿಗೇ ಇತ್ತು. ಒಂದಾದರೂ ನನಗಿರಲಿ.

ನಿನ್ನ ಎರಡನೇ ಪುಟ ಫ್ರಿಜ್ಜಿನ ಮೇಲಿದೆ, ಹೇಳಿದ ಹಾಗೆ. ಅದರ ಬೆನ್ನ ಮೇಲೆ ಮರಿಯ ಪಾದಕ್ಕೆ ಬಣ್ಣ ಹಚ್ಚಿ ಗುರುತು ಒತ್ತಿಸಿದ್ದೇನೆ. ಬಂದವರೆಲ್ಲ ಚೆಂದ ಅನ್ನುತ್ತಾರೆ.

ನಿನ್ನ ತಂಗಿ


ಏಪ್ರಿಲ್ 5

ಅಕ್ಕಾ,

ಅಮ್ಮ ಬಂದು ಸೇರಿದಳು ಅಂತ ಗೊತ್ತಾಯಿತು. ಫೋನು ಮಾಡಿದವಳು ಅವಳಲ್ಲ, ನೀನು. ಅದೂ ಹನ್ನೆರಡು ಸೆಕೆಂಡು. ಎಣಿಸಿದೆ.

ಬಸ್ಸು ಹತ್ತುವಾಗ ನಾನು ಅಳುತ್ತಿದ್ದರೆ ಅಮ್ಮ, “ದೊಡ್ಡವಳು ಒಬ್ಬಳೇ ಇದಾಳಲ್ಲೇ, ಅವಳಿಗೆ ಯಾರಿದಾರೆ?” ಅಂದಳು. ನನಗೆ ಯಾರಿದ್ದಾರೆ? ನಮ್ಮವರಿಗೆ ತಿಂಗಳಲ್ಲಿ ಇಪ್ಪತ್ತು ದಿನ ಲಾರಿ. ಮರಿಗೆ ಮಾತು ಬರುವುದಿಲ್ಲ. ಆದರೂ ಅಮ್ಮನ ಲೆಕ್ಕದಲ್ಲಿ ಒಂಟಿ ಅಂದರೆ ನೀನೇ.

ತನ್ನ ಎರಡು ಗುಂಡಿ ಡಬ್ಬಿಯಲ್ಲಿ ಒಂದನ್ನು ಇಲ್ಲಿ ಬಿಟ್ಟು ಹೋಗಿದ್ದಾಳೆ. ಹೊಲಿಗೆ ಯಂತ್ರದ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದೇನೆ. ಆಗಾಗ ಅಲ್ಲಾಡಿಸಿ ಸದ್ದು ಕೇಳುತ್ತೇನೆ.

ಅವಳ ಪುಸ್ತಕದ ಗೆರೆ ನೀನು ಮತ್ತೆ ಎಳೆದಿರುತ್ತೀಯ. ಎಳೆ.

ತಂಗಿ


ಮೇ 20

ಪುಟ್ಟಿ,

ನೇರವಾಗಿ ಕೇಳುತ್ತೇನೆ. ಅಲ್ಲಿ ಅಮ್ಮನಿಗೆ ಏನು ತಿನ್ನಿಸಿದೆ?

ನಿನ್ನೆ ನಾನೇ ರಕ್ತ ತೆಗೆದು ನಾನೇ ಯಂತ್ರಕ್ಕೆ ಹಾಕಿದೆ. ಕೆಟ್ಟ ಕೊಬ್ಬು ನೂರ ಮೂವತ್ತೊಂದು. ನಂಬಲಿಲ್ಲ, ಇನ್ನೊಮ್ಮೆ ಹಾಕಿದೆ. ಅದೇ. ಪೆಟ್ಟಿಗೆಯ ಖಾನೆಗಳು ಪ್ರತಿ ಭಾನುವಾರ ಖಾಲಿ ಇರುತ್ತವೆ, ಮಾತ್ರೆ ತಪ್ಪಿಲ್ಲ. ಹಾಗಾದರೆ ಬೆಣ್ಣೆ, ಕರಿದದ್ದು, ಕೆನೆ. ಮೂರು ತಿಂಗಳ ಮುದ್ದು ಅದು. ಡಾಕ್ಟರು ಮಾತ್ರೆಯ ಪ್ರಮಾಣ ಎರಡರಷ್ಟು ಮಾಡಿದ್ದಾರೆ.

ಹಲ್ಲುನೋವೂ ಶುರುವಾಗಿದೆ, ಎಡಗಡೆ ಕೆಳಗಿನದು. ಅಗಿಯುವಾಗ ನೋವು ಅನ್ನುತ್ತಾಳೆ. ಟಾರ್ಚು ಹಾಕಿ ನೋಡಿದೆ, ಹುಳುಕು ಇದೆ.

ನಿನಗೆ ಅವಳ ಮೆಚ್ಚುಗೆ ಬೇಕಾಗಿತ್ತು, ನನಗೆ ಅವಳು ಉಳಿಯಬೇಕಾಗಿದೆ. ಇದನ್ನು ಬರೆಯಬಾರದು ಅಂತ ಎರಡು ಸಲ ಹೊಡೆದುಹಾಕಿದೆ. ಮೂರನೇ ಸಲ ಬಿಟ್ಟಿದ್ದೇನೆ.

ಅಕ್ಕ


ಮೇ 29

ಅಕ್ಕಾ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ಬೆಣ್ಣೆಯಂತೆ, ಕೆನೆಯಂತೆ! ನನ್ನ ಅಡುಗೆಮನೆಗೆ ಬಂದು ನೋಡಿದ್ದೀಯಾ? ತರಕಾರಿ ಬೇಯಿಸಿ ಬೇಯಿಸಿ ನಮ್ಮವರು “ನಾನೇನು ಮೊಲಾನಾ?” ಅಂತ ರೇಗಿದರು. ಅಮ್ಮನಿಗಾಗಿ ನಾನೂ ಮೂರು ತಿಂಗಳು ಸಿಹಿ ಮುಟ್ಟಲಿಲ್ಲ. ನನ್ನ ಕೈಯಲ್ಲಿದ್ದಾಗ ಅರವತ್ತೆಂಟು, ನಿನ್ನ ಕೈಗೆ ಹೋದ ಮೇಲೆ ನೂರ ಮೂವತ್ತೊಂದು. ಯಾರು ಯಾರನ್ನು ಕೇಳಬೇಕು?

ಒಂದು ಹೇಳುತ್ತೇನೆ, ಕೇಳಿಸಿಕೋ. ನೀನು ರಾತ್ರಿ ಪಾಳಿ ಮುಗಿಸಿ ಮಧ್ಯಾಹ್ನ ಮಲಗಿದಾಗ ಅಮ್ಮ ನನಗೆ ಫೋನು ಮಾಡುತ್ತಾಳೆ. ದಿನಾ. ಬಚ್ಚಲಿನಲ್ಲಿ ನಿಂತು, ದನಿ ತಗ್ಗಿಸಿ. “ದೊಡ್ಡವಳಿಗೆ ಹೇಳ್ಬೇಡ ಕಣೆ, ಆಸ್ಪತ್ರೆಗೆ ಎಳ್ಕೊಂಡು ಹೋಗ್ತಾಳೆ” ಅಂತಲೇ ಮಾತು ಶುರು. ನಿನಗೆ ಹೇಳದ್ದನ್ನೆಲ್ಲ ನನಗೆ ಹೇಳುತ್ತಾಳೆ. ಯಾಕೆ ಗೊತ್ತಾ? ನೀನು ಅಳೆಯುತ್ತೀಯ, ನಾನು ಕೇಳುತ್ತೇನೆ.

ಇನ್ನು ನನಗೆ ಬರೆಯಬೇಡ.


ಜುಲೈ 2

ಪುಟ್ಟಿ,

ಬರೆಯಬೇಡ ಅಂದೆ. ಒಂದು ತಿಂಗಳು ತಡೆದೆ.

ಎರಡರಷ್ಟು ಮಾತ್ರೆ ಕೊಟ್ಟರೂ ಈಗ ನೂರ ಮೂವತ್ತೆಂಟು. ಡಾಕ್ಟರಿಗೂ ಅರ್ಥವಾಗುತ್ತಿಲ್ಲ. ದಿನವಿಡೀ ಬೇರೆಯವರ ರಕ್ತ ಓದುತ್ತೇನೆ, ನನ್ನ ಅಮ್ಮನದು ಓದಲು ಬರುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? ನಿನಗೆ ಹೇಳುತ್ತಾಳೆ ಅಂದೆಯಲ್ಲ. ಏನಾದರೂ ಹೇಳಿದ್ದರೆ ನನಗೂ ಹೇಳು. ಯಾಕೆ ನಿನಗೆ ಮಾತ್ರ ಹೇಳಿದಳು ಅಂತ ಕೇಳುವುದಿಲ್ಲ.

ಆ ಹಲ್ಲು ಬುಧವಾರ, ಎಂಟನೇ ತಾರೀಕು ಎಂಟೂವರೆಗೆ ಕೀಳಿಸುವುದು. ಹಲ್ಲಿನ ಡಾಕ್ಟರು ಮೂರನೇ ಮಹಡಿಯಲ್ಲಿ, ಲಿಫ್ಟು ರಿಪೇರಿಯಲ್ಲಿದೆ. ಮೆಟ್ಟಿಲು ನಿಧಾನವಾಗಿ ಹತ್ತಬಹುದು. ಪಕ್ಕದ ಮನೆಯ ಟೈಪಿಸ್ಟು ಅಮ್ಮನನ್ನು ಏಳೂವರೆಗೆ ಕರೆದುಕೊಂಡು ಹೊರಡುತ್ತಾರೆ. ನನ್ನ ರಾತ್ರಿ ಪಾಳಿ ಬೆಳಗ್ಗೆ ಎಂಟಕ್ಕೆ ಮುಗಿಯುತ್ತದೆ, ಇಲ್ಲಿಂದ ನೇರ ಅಲ್ಲಿಗೆ ಹೋಗುತ್ತೇನೆ.

ಮರಿಯ ಫೋಟೋ ಕೊನೆಗೂ ಕಳಿಸಲಿಲ್ಲ ನೀನು.

ಅಕ್ಕ


ಜುಲೈ 8, ಬುಧವಾರ

ಅಕ್ಕಾ,

ರಾತ್ರಿ ಒಂದು ನಲವತ್ತು. ತಗಡು ನೆಲಕ್ಕೆ ಬಡಿದ ಸದ್ದು, ಅದರ ಹಿಂದೆಯೇ ಮಣಿ ಚೆಲ್ಲಿದ ಹಾಗೆ ಚರಚರ ಸದ್ದು. ಎದ್ದು ದೀಪ ಹಾಕಿದರೆ ಮರಿ ಹಾಸಿಗೆಯಿಂದ ಇಳಿದು ಅಂಬೆಗಾಲಿಟ್ಟು ಹೋಗಿ, ಕಪಾಟು ಹಿಡಿದು ನಿಂತಿದ್ದಾನೆ. ಮೊದಲ ಸಲ ನಿಂತಿದ್ದಾನೆ ಅಕ್ಕಾ. ಅವನ ಕಾಲಡಿಯಲ್ಲಿ ಅಮ್ಮನ ಡಬ್ಬಿ ಬಾಯಿ ತೆರೆದು ಬಿದ್ದಿದೆ. ನೆಲದ ತುಂಬ ಬಿಳಿ ಗುಂಡಿ. ಅವುಗಳ ನಡುವೆ ತೂತಿಲ್ಲದ ಬಿಳಿ ಗುಂಡಿಗಳು.

ಅವು ಗುಂಡಿಯಲ್ಲ. ನಿನ್ನ ರಾತ್ರಿ ಮಾತ್ರೆಗಳು.

ಓದು, ನಿಲ್ಲಿಸಬೇಡ, ಬೈಯುವುದನ್ನು ಆಮೇಲೆ ಬೈ. ಫೆಬ್ರವರಿ ಎಂಟರಂದು ವರದಿ ಕೈಗೆ ಬಂತು. ಅವತ್ತು ರಾತ್ರಿ ಅಮ್ಮ ಮೀನಖಂಡ ಹಿಡಿದುಕೊಂಡು ಕೂತಿದ್ದಳು. “ಈ ಮಾತ್ರೆ ತಗೊಂಡ್ರೆ ಕಾಲು ಹಿಂಡತ್ತೆ ಕಣೆ. ದೊಡ್ಡವಳಿಗೆ ಹೇಳಿದ್ರೆ ನೂರು ಪ್ರಶ್ನೆ ಕೇಳ್ತಾಳೆ” ಅಂದಳು. ನಾನು ವರದಿ ನೋಡಿದೆ. ಅರವತ್ತೆಂಟು. ಇಷ್ಟು ಚೆನ್ನಾಗಿರುವಾಗ ಇನ್ನೂ ಯಾಕೆ ಮಾತ್ರೆ, ಸಕ್ಕರೆಯೂ ಹಿಡಿತದಲ್ಲಿದೆ ಅಂದುಕೊಂಡೆ. ಡಿಗ್ರಿ ಓದಿದವಳು ನಾನು! “ಬಿಡಮ್ಮ, ನಾನು ಹೇಳ್ತೀನಿ, ಬಿಡು” ಅಂದೆ. ಆಗ ಅವಳು ನನ್ನ ಕೆನ್ನೆ ಹಿಡಿದು, “ನನ್ನ ಸಂಕಟ ನಿನಗೇ ಅರ್ಥ ಆಗೋದು” ಅಂದಳು. ನಿನಗೇ ಅಂದಳು ಅಕ್ಕಾ. ಆ ಒಂದು ಮಾತಿಗೆ ನಾನು ಅವತ್ತು ಏನು ಬೇಕಾದರೂ ಬಿಡಿಸುತ್ತಿದ್ದೆ.

ಪೆಟ್ಟಿಗೆಯ ಖಾನೆ ಖಾಲಿ ಕಾಣಬೇಕಲ್ಲ, ಅದಕ್ಕೆ ಡಬ್ಬಿಗೆ ಹಾಕುವುದು ಅಂತ ಮಾಡಿದೆವು. ಉಪಾಯ ಅಮ್ಮನದು, ನಗು ಇಬ್ಬರದು. ಅಲ್ಲಿಗೆ ಬಂದ ಮೇಲೂ ಅವಳು ಅದನ್ನೇ ಮಾಡುತ್ತಿದ್ದಾಳೆ. ಎರಡರಷ್ಟು ಅಂದೆಯಲ್ಲ, ಎರಡರಷ್ಟೂ ಅಲ್ಲಿರುವ ಇನ್ನೊಂದು ಡಬ್ಬಿಯಲ್ಲಿದೆ. ಹೊಲಿಗೆ ಬುಟ್ಟಿಯ ತಳದಲ್ಲಿ ನೋಡು. ಐದು ತಿಂಗಳಿಂದ ಒಂದು ಮಾತ್ರೆಯೂ ಅವಳ ಹೊಟ್ಟೆಗೆ ಹೋಗಿಲ್ಲ. ನೀನು ಎಲ್ಲೂ ತಪ್ಪಿಲ್ಲ. ಮೇ ತಿಂಗಳಲ್ಲಿ ನೀನು ಕೇಳಿದಾಗ ನನಗೆ ಗೊತ್ತಿತ್ತು. ಹೇಳಿದ್ದರೆ ನಮ್ಮ ಗುಟ್ಟು ನಿನ್ನದಾಗುತ್ತಿತ್ತು. ಅದಕ್ಕೆ ಬಾಯಿ ಬಿಡಲಿಲ್ಲ. ಇದಕ್ಕಿಂತ ಸಣ್ಣ ಕಾರಣ ಪ್ರಪಂಚದಲ್ಲಿ ಇರಲಾರದು.

ಈಗ ನೆಲದ ಮೇಲೆ ಕೂತು ಎಣಿಸಿದೆ. ಅವತ್ತಿನಿಂದ ಅಮ್ಮ ಇಲ್ಲಿದ್ದಷ್ಟು ದಿನಕ್ಕೆ ಐವತ್ತಮೂರು ಇರಬೇಕು. ಐವತ್ತೆರಡೇ ಸಿಕ್ಕವು. ಮರಿ ಏನೋ ಚಪ್ಪರಿಸುತ್ತಿದ್ದ. ಅವನ ಬಾಯಿಗೆ ಬೆರಳು ಹಾಕಿ ತಡಕಿದೆ, ಮೊಳಕೆ ಹಲ್ಲು ಬಿಟ್ಟರೆ ಏನೂ ಸಿಗಲಿಲ್ಲ. ನಮ್ಮವರು ಮನೆಯಲ್ಲೇ ಇದ್ದಾರೆ, ಎಬ್ಬಿಸಿದೆ. ಮಂಚ ಎತ್ತಿ ಹುಡುಕುತ್ತ “ಇದು ಯಾವ ಮಾತ್ರೆ, ಅದನ್ನಾದ್ರೂ ಹೇಳು!” ಅಂತ ಕೂಗಿದರು. ನನಗೆ ಗೊತ್ತಿರಲಿಲ್ಲ. ಬಿಡಿಸಿದವಳಿಗೆ ಹೆಸರೇ ಗೊತ್ತಿಲ್ಲ. ಆಗ ನಿನ್ನ ಎರಡನೇ ಪುಟ ನೆನಪಾಗಿ ಫ್ರಿಜ್ಜಿನ ಹತ್ತಿರ ಓಡಿದೆ.

ಅದನ್ನು ನಾನು ಓದಿರಲಿಲ್ಲ. ನಿನ್ನ ಎರಡನೇ ಪುಟಗಳನ್ನು ನಾನು ಯಾವತ್ತೂ ಓದುವುದಿಲ್ಲ, ಬರೀ ಅಪ್ಪಣೆ ಇರುತ್ತದೆ ಅಂತ. ಪಾದದ ಗುರುತು ಹೊರಗೆ ಕಾಣುವ ಹಾಗೆ, ನಿನ್ನ ಅಕ್ಷರ ಫ್ರಿಜ್ಜಿನ ಕಡೆಗೆ ಮುಖ ಮಾಡಿಸಿ ಅಂಟಿಸಿದ್ದೆ. ಐದು ತಿಂಗಳಿಂದ ನಿನ್ನ ಮಾತು ಆ ತಣ್ಣನೆ ಬಾಗಿಲಿಗೆ ಕೇಳಿಸುತ್ತಿತ್ತು.

ಮಾತ್ರೆ ಸಿಕ್ಕಿತು, ಮರಿಯ ಮಂಡಿಗೆ ಅಂಟಿಕೊಂಡಿತ್ತು. ಅವನಿಗೇನೂ ಆಗಿಲ್ಲ. ಆದರೆ ಅಷ್ಟರಲ್ಲಿ ನಾನು ಓದಿಬಿಟ್ಟಿದ್ದೆ. ದವಡೆ ಅಂತ ಬರೆದಿದ್ದೀಯ. ಹತ್ತುವಾಗ ಬಂದು ಕೂತಾಗ ಹೋಗುವ ನೋವು ಅಂತ ಬರೆದಿದ್ದೀಯ.

ಅಕ್ಕಾ, ಅಮ್ಮ ನಿನಗೆ ಅಗಿಯುವಾಗ ನೋವು ಅಂದಿದ್ದಾಳೆ. ನನಗೆ ಹೇಳಿದ್ದು ಬೇರೆ. ಬಚ್ಚಲಿನಿಂದ ಹೇಳುತ್ತಾಳೆ: “ಅಂಗಡಿಯಿಂದ ಬಂದು ಮೆಟ್ಟಿಲು ಹತ್ತಿದ್ರೆ ದವಡೆ ಎಳೆಯತ್ತೆ, ಬೆವರು ಬರತ್ತೆ. ಎರಡು ನಿಮಿಷ ಕೂತ್ರೆ ಹೋಗತ್ತೆ. ಇದೆಂಥಾ ಹಲ್ಲು ಕಣೆ, ಕಾಲಿಗೆ ಕೆಲಸ ಕೊಟ್ರೆ ಬಾಯಿ ನೋಯತ್ತೆ!” ಇಬ್ಬರೂ ನಕ್ಕೆವು. ಹಲ್ಲುನೋವು ಅಂತ ನೀನು ಟಾರ್ಚು ಹಿಡಿದಾಗ, ಆಸ್ಪತ್ರೆ ತಪ್ಪಿತು ಅಂತ ಅವಳು ಹೂಂ ಅಂದಿದ್ದಾಳೆ. ನಿನ್ನೆ ಮಧ್ಯಾಹ್ನವೂ ಹೇಳಿದಳು, ಈಗ ಒಂದೇ ಮಹಡಿ ಹತ್ತಿದರೂ ನೋವು ಬರುತ್ತದಂತೆ. ಹಲ್ಲು ಕೀಳುವ ವಿಷಯ ಮಾತ್ರ ಹೇಳಲಿಲ್ಲ. ಅದು ಇದ್ದದ್ದು ನಿನ್ನ ಕಾಗದದಲ್ಲಿ. ಸೋಮವಾರವೇ ಬಂದಿತ್ತು. ಸಿಟ್ಟಿನಲ್ಲಿ ಒಡೆಯದೆ ಕನ್ನಡಿಯ ಹಿಂದೆ ಸಿಕ್ಕಿಸಿದ್ದೆ. ಈಗ ಒಡೆದೆ. ಮೂರನೇ ಮಹಡಿ. ಲಿಫ್ಟಿಲ್ಲ. ಎಂಟೂವರೆ.

ನಿನಗೆ ಗೊತ್ತಿದ್ದದ್ದು ಹಲ್ಲು, ಅಂಕಿ. ನನಗೆ ಗೊತ್ತಿದ್ದದ್ದು ಮಾತ್ರೆ, ಮೆಟ್ಟಿಲು. ಅರ್ಧರ್ಧ ಹಿಡಿದುಕೊಂಡು ಇಬ್ಬರೂ ಅಮ್ಮ ನನ್ನವಳು ಅಂತ ಎಳೆದಾಡಿದೆವು. ನೀನಾದರೂ ನಿನ್ನ ಅರ್ಧವನ್ನು ಬರೆದು ಕಳಿಸಿದ್ದೆ.

ಆ ಪುಟದ ಕೊನೆಯ ಸಾಲುಗಳನ್ನೂ ಓದಿದೆ. ನಿನಗೂ ನನ್ನ ಮೇಲೆ ಹೊಟ್ಟೆಕಿಚ್ಚು! ಮೊದಲ ಪುಟದಲ್ಲಿ ಬರೆದಿದ್ದರೆ ನಾನು ಆ ರಾತ್ರಿಯೇ ನಿನಗೆ ಫೋನು ಮಾಡಿ ಅತ್ತುಬಿಡುತ್ತಿದ್ದೆ. ಅವಳು ಅವತ್ತು ಯಾಕೆ ನಕ್ಕಳು ಗೊತ್ತಾ? ನಿನ್ನ ಹಾಗೆ ದನಿ ಮಾಡಿ, “ಅಮ್ಮ, ಬೆರಳು!” ಅಂದೆ ನಾನು. ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಪಾಪ, ಅವಳಿಲ್ದಿದ್ರೆ ನಾನು ಯಾವತ್ತೋ ಹೋಗಿರ್ತಿದ್ದೆ” ಅಂದಳು. ಅದನ್ನು ನಾನು ನಿನಗೆ ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲ.

ನಿನ್ನ ಫೋನಿಗೆ ಒಂಬತ್ತು ಸಲ ಮಾಡಿದೆ, ಲಾಕರಿನಲ್ಲಿ ಬಡಿದುಕೊಳ್ಳುತ್ತಿರಬೇಕು. ಲ್ಯಾಬಿನ ನಂಬರಿಗೆ ಮಾಡಿದರೆ ಎಂಟು ಗಂಟೆಯ ನಂತರ ಕರೆ ಮಾಡಿ ಅನ್ನುವ ಹೆಣ್ಣುದನಿ. ಅಮ್ಮನದು ಅಡುಗೆಮನೆಯಲ್ಲಿ ಚಾರ್ಜಿಗಿದೆ, ಕಿವಿಯ ಯಂತ್ರ ತೆಗೆದಿಟ್ಟು ಮಲಗಿದವಳಿಗೆ ಏನು ಕೇಳಿಸೀತು? ಬೆಳಗ್ಗೆ ಎದ್ದ ಮೇಲೆ ಸಿಕ್ಕರೂ, ಆಸ್ಪತ್ರೆ ಅಂದರೆ ನನ್ನ ಮಾತನ್ನು ನಕ್ಕು ಹಾರಿಸಿ ಹೊರಟುಬಿಡುತ್ತಾಳೆ. ಪಕ್ಕದ ಮನೆಯವರ ನಂಬರು ನನ್ನ ಬಳಿ ಇಲ್ಲ. ನಮ್ಮವರು ಲಾರಿಯ ಕೀಲಿ ಹುಡುಕುತ್ತಿದ್ದಾರೆ, ಆದರೆ ಎಷ್ಟು ಓಡಿಸಿದರೂ ಅಲ್ಲಿಗೆ ಬರುವಾಗ ಮಧ್ಯಾಹ್ನ. ಉಳಿದದ್ದು ನೀನು ಜನವರಿಯಲ್ಲಿ ಕೊಟ್ಟ ಈ ಮೇಲ್ ವಿಳಾಸ ಒಂದೇ. ಕಣ್ಣಿಗೆ ಬೀಳಲಿ ಅಂತ ಮರಿಯ ಫೋಟೋವನ್ನೂ ಸೇರಿಸಿದ್ದೇನೆ, ಕಪಾಟು ಹಿಡಿದು ನಿಂತದ್ದು. ಮೊದಲು ಅದನ್ನು ನೋಡಿಯಾದರೂ ಈ ಕಾಗದ ತೆರೆ.

ಅವಳನ್ನು ಆ ಮೆಟ್ಟಿಲು ಹತ್ತಿಸಬೇಡ. ಹಲ್ಲು ಇರಲಿ, ಹೃದಯದ ಡಾಕ್ಟರ ಬಳಿಗೆ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋಗು. ಡಬ್ಬಿ ತೆಗೆದುಕೊಂಡು ಹೋಗಿ ಅವರ ಮುಂದೆ ಸುರಿ, ಐದು ತಿಂಗಳು ತೆಗೆದುಕೊಂಡಿಲ್ಲ ಅಂತ ಹೇಳು, ನನ್ನ ತಂಗಿ ಬಿಡಿಸಿದಳು ಅಂತ ಹೇಳು. ಅಮ್ಮ ಮುಖ ಊದಿಸಿಕೊಂಡು “ನೀನು ಹೇಳ್ಬಿಟ್ಯಲ್ಲೇ” ಅಂತ ನನ್ನ ಜೊತೆ ಮಾತು ಬಿಡಲಿ. ನಿನ್ನ ಜೊತೆಗೇ ಇರಲಿ, ನಿನ್ನವಳೇ ಆಗಿರಲಿ, ನನ್ನ ಹೆಸರೆತ್ತದೆ ನೂರು ವರ್ಷ ನಿನ್ನ ಮುಂದೆ ಬೆರಳು ಚಾಚಲಿ. ನಾನು ಒಂದು ಮಾತೂ ಆಡುವುದಿಲ್ಲ.

ಈಗ ಮೂರು ಹತ್ತು. ನಿನ್ನ ಯಂತ್ರ ತಿರುಗುವ ಹತ್ತು ನಿಮಿಷದಲ್ಲಿ ಒಮ್ಮೆಯಾದರೂ ಮೇಲ್ ತೆರೆಯುತ್ತೀಯ, ಅಲ್ಲವಾ? ಫೋನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೇನೆ. ಲಾಕರ್ ತೆರೆ ಅಕ್ಕಾ. ಜಗಳವಾದರೆ ಆಗಲಿ, ಕಿರುಚಿದರೆ ಕಿರುಚು, ನಮ್ಮ ಕಾಗದದ ಒಪ್ಪಂದ ಇವತ್ತಿಗೆ ಸಾಕು. ಬೆಳಗಾಗುವ ಮೊದಲು, ಅಮ್ಮ ಚಪ್ಪಲಿ ಮೆಟ್ಟುವ ಮೊದಲು, ಒಂದು ಫೋನು ಮಾಡು. ಕೈ ಮುಗಿಯುತ್ತೇನೆ, ಮಾಡು.